ಎಸ್‌ಡಿಎನ್, ಎನ್‌ಎಫ್‌ವಿ: ಬೇರೆ ಬೇರೆ ಕಡೆ ಹುಟ್ಟಿ ಒಂದೇ ಮನೆ ಸೇರಿದ ಕಥೆ

ಟೆಲಿಕಾಂ ಸುದ್ದಿ ಓದುವವರಿಗೆ ಎಸ್‌ಡಿಎನ್, ಎನ್‌ಎಫ್‌ವಿ ಎಂಬ ಎರಡು ಹೆಸರು ಯಾವಾಗಲೂ ಜೋಡಿಯಾಗಿಯೇ ಸಿಗುತ್ತವೆ. ಎರಡೂ ಒಂದೇ ಅಂದುಕೊಂಡವರೇ ಜಾಸ್ತಿ. ಹಾಗಲ್ಲ. ಒಂದು ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ಹುಟ್ಟಿದ್ದು ಫೋನ್ ಕಂಪನಿಗಳ ಖರ್ಚಿನ ಲೆಕ್ಕದಲ್ಲಿ. ಎರಡಕ್ಕೂ ಇದ್ದ ನೋವು ಬೇರೆ ಬೇರೆ.

ಎಸ್‌ಡಿಎನ್ ಅಂದರೆ ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್. ರೂಟರ್ ಒಳಗೆ ಎರಡು ಕೆಲಸ ನಡೆಯುತ್ತವೆ. ಪ್ಯಾಕೆಟ್ (ಡೇಟಾದ ಪುಟ್ಟ ತುಂಡು) ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವುದು ಒಂದು, ಆ ದಾರಿಗೆ ಅದನ್ನು ದಾಟಿಸುವುದು ಇನ್ನೊಂದು. ಬಹಳ ಕಾಲ ಈ ತಲೆ, ಕೈ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯ ಕೀಲಿ ಮಾತ್ರ ಅದನ್ನು ಮಾಡಿದ ಕಂಪನಿಯ ಹತ್ತಿರ. ಹೊಸ ಯೋಚನೆಯೊಂದನ್ನು ನಿಜವಾದ ನೆಟ್‌ವರ್ಕ್‌ನಲ್ಲಿ ಪರೀಕ್ಷೆ ಮಾಡಬೇಕು ಅಂದರೆ ಸಂಶೋಧಕರಿಗೆ ದಾರಿಯೇ ಇರಲಿಲ್ಲ.

ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಾರ್ಟಿನ್ ಕಸಾಡೊ, ಅವರ ಗುರು ನಿಕ್ ಮೆಕೌನ್, ಬರ್ಕ್ಲಿಯ ಸ್ಕಾಟ್ ಶೆಂಕರ್ ಮತ್ತು ಜೊತೆಗಾರರು ಈ ಬೀಗಕ್ಕೆ ಕೈ ಹಾಕಿದರು. 2007ರಲ್ಲಿ ಈಥೇನ್ ಎಂಬ ಜಾಲ ವಿನ್ಯಾಸದ ಬಗ್ಗೆ ಅವರ ಪ್ರಬಂಧ ಬಂತು. ಮರುವರ್ಷ ಓಪನ್‌ಫ್ಲೋ ಬಂತು. ಅದರ ಕೆಲಸವನ್ನು ಹತ್ತಿರದಿಂದ ನೋಡಿ. ಸ್ವಿಚ್ ಒಳಗೆ ಒಂದು ಪಟ್ಟಿ ಇರುತ್ತದೆ: ಇಂಥ ವಿಳಾಸದ ಪ್ಯಾಕೆಟ್ ಬಂದರೆ ಮೂರನೇ ಪೋರ್ಟಿಗೆ ಕಳಿಸು, ಇಂಥದ್ದು ಬಂದರೆ ಬಿಸಾಡು. ಪಟ್ಟಿಯಲ್ಲಿ ಇಲ್ಲದ ಪ್ಯಾಕೆಟ್ ಬಂದರೆ ಸ್ವಿಚ್ ತಾನೇ ಯೋಚನೆ ಮಾಡುವುದಿಲ್ಲ. ದೂರದಲ್ಲಿರುವ ಕಂಟ್ರೋಲರ್ ಎಂಬ ಸಾಫ್ಟ್‌ವೇರ್ ಅನ್ನು ಕೇಳುತ್ತದೆ. ಕಂಟ್ರೋಲರ್ ಹೊಸ ಸಾಲೊಂದನ್ನು ಪಟ್ಟಿಗೆ ಸೇರಿಸುತ್ತದೆ. ಹಿಂದೆ ಬರುವ ಪ್ಯಾಕೆಟ್‌ಗಳು ಯಾರನ್ನೂ ಕೇಳದೆ ಸರಸರ ಹೋಗುತ್ತವೆ. ತಲೆ ಒಂದು ಕಡೆ, ಕೈಗಳು ನೂರಾರು ಕಡೆ. ಇದೇ ಎಸ್‌ಡಿಎನ್.

ಇದನ್ನು ಮೊದಲು ದೊಡ್ಡದಾಗಿ ಬಳಸಿಕೊಂಡದ್ದು ಟೆಲಿಕಾಂ ಅಲ್ಲ, ಗೂಗಲ್. ತನ್ನ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬಿ4 ಜಾಲವನ್ನು ಹೀಗೆ ನಡೆಸುತ್ತಿರುವುದಾಗಿ ಅದು 2012ರಲ್ಲಿ ಹೇಳಿತು. ದೂರದ ಲಿಂಕ್‌ಗಳನ್ನು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ತುಂಬಿಸುತ್ತಾರೆ, ಎಲ್ಲಾದರೂ ಕೇಬಲ್ ತುಂಡಾದರೆ ಜಾಗ ಇರಲಿ ಅಂತ. ಬಿ4ನಲ್ಲಿ ಹಲವು ಲಿಂಕ್‌ಗಳು 100% ಹತ್ತಿರ ತುಂಬಿ ಓಡಿದವು. ಇಡೀ ಜಾಲ ಒಂದೇ ತಲೆಗೆ ಕಾಣುತ್ತಿದ್ದುದರಿಂದ ಇದು ಸಾಧ್ಯವಾಯಿತು.

ಫೋನ್ ಕಂಪನಿಗಳ ಕಷ್ಟವೇ ಬೇರೆ. ಅವರ ಕೋಣೆಗಳಲ್ಲಿ ಫೈರ್‌ವಾಲ್‌ಗೆ ಒಂದು ಪೆಟ್ಟಿಗೆ, ಮೊಬೈಲ್ ಗೇಟ್‌ವೇಗೆ ಒಂದು, ಚಂದಾದಾರರ ದಾಖಲೆಗೆ ಇನ್ನೊಂದು. ಹೊಸ ಸೇವೆ ಶುರು ಮಾಡಬೇಕಾದರೆ ಹೊಸ ಪೆಟ್ಟಿಗೆ ತರಿಸಬೇಕು, ರ‍್ಯಾಕ್‌ನಲ್ಲಿ ಜಾಗ ಹುಡುಕಬೇಕು, ಕರೆಂಟು ಎಳೆಯಬೇಕು, ಅದನ್ನು ಬಲ್ಲವರನ್ನು ಕರೆಸಬೇಕು. ಅಕ್ಟೋಬರ್ 2012ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಡೆದ ಸಮಾವೇಶದಲ್ಲಿ ಎಟಿ ಅಂಡ್ ಟಿ, ಬಿಟಿ, ಡಾಯ್ಚ ಟೆಲಿಕಾಮ್, ಟೆಲಿಫೋನಿಕಾ, ಚೈನಾ ಮೊಬೈಲ್ ಸೇರಿ 13 ಕಂಪನಿಗಳು ಒಂದು ಜಂಟಿ ಶ್ವೇತಪತ್ರ ಹೊರತಂದವು. ಪೆಟ್ಟಿಗೆ ಬೇಡ, ಅದರ ಕೆಲಸವನ್ನು ಸಾಫ್ಟ್‌ವೇರ್ ಆಗಿ ಕೊಡಿ, ಮಾಮೂಲಿ ಸರ್ವರ್ ಮೇಲೆ ಓಡಿಸುತ್ತೇವೆ ಎಂಬುದು ಅದರ ತಿರುಳು. ಇದೇ ನೆಟ್‌ವರ್ಕ್ ಫಂಕ್ಷನ್ಸ್ ವರ್ಚುವಲೈಸೇಷನ್, ಎನ್‌ಎಫ್‌ವಿ. ಎಸ್‌ಡಿಎನ್ ಇದಕ್ಕೆ ಒಳ್ಳೆಯ ಜೊತೆ, ಆದರೆ ಒಂದಕ್ಕೆ ಇನ್ನೊಂದು ಇರಲೇಬೇಕು ಅಂತಿಲ್ಲ ಎಂದು ಅದೇ ಪತ್ರ ಬಿಡಿಸಿ ಹೇಳಿತ್ತು. ಮುಂದೆ ಯುರೋಪಿನ ಮಾನಕ ಸಂಸ್ಥೆ ಎಟ್ಸಿ ಈ ಕೆಲಸವನ್ನು ಕೈಗೆತ್ತಿಕೊಂಡಿತು.

ಹೇಳುವುದು ಸುಲಭ, ಅಲ್ವಾ? ಲೆಕ್ಕ ಹಾಕಿದರೆ ಕಷ್ಟ ಗೊತ್ತಾಗುತ್ತದೆ. 10 ಗಿಗಾಬಿಟ್ ಲಿಂಕ್‌ನಲ್ಲಿ 64 ಬೈಟ್‌ನ ಪುಟ್ಟ ಪ್ಯಾಕೆಟ್‌ಗಳು ಎಡೆಬಿಡದೆ ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಆಗುತ್ತವೆ. ಒಂದೊಂದಕ್ಕೆ ಸಿಗುವ ಸಮಯ 67 ನ್ಯಾನೊಸೆಕೆಂಡ್. ಪ್ರೊಸೆಸರ್ ಒಮ್ಮೆ ಮೆಮೊರಿಗೆ ಹೋಗಿ ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಮಾಮೂಲಿಯಾಗಿ ಪ್ಯಾಕೆಟ್ ಬಂದಾಗ ನೆಟ್‌ವರ್ಕ್ ಕಾರ್ಡ್ ಬಾಗಿಲು ತಟ್ಟುತ್ತದೆ, ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತದೆ. ಇಷ್ಟು ಸಲ ಎದ್ದರೆ ಬೇರೇನೂ ನಡೆಯುವುದಿಲ್ಲ. ಇಂಟೆಲ್ ಶುರು ಮಾಡಿದ ಡಿಪಿಡಿಕೆ ಎಂಬ ಸಾಫ್ಟ್‌ವೇರ್ ಈ ಬಾಗಿಲು ತಟ್ಟುವುದನ್ನೇ ನಿಲ್ಲಿಸಿತು. ಪ್ರೊಸೆಸರ್‌ನ ಒಂದು ಕೋರ್ ಬಾಗಿಲಲ್ಲೇ ನಿಂತು ಬಂತಾ, ಬಂತಾ ಎಂದು ನೋಡುತ್ತಲೇ ಇರುತ್ತದೆ. ಪ್ಯಾಕೆಟ್ ಇಲ್ಲದಾಗಲೂ ಆ ಕೋರ್‌ಗೆ ಪುರುಸೊತ್ತಿಲ್ಲ. ಎನ್‌ಎಫ್‌ವಿ ನಿಜವಾಗಿ ಕಾಲೂರಲು ಇಂಥ ಕಷ್ಟದ ಕೆಲಸವೇ ಕಾರಣ ಅಂತ ನನಗನಿಸುತ್ತದೆ. ಇದರ ಬಗ್ಗೆ ಮಾತಾಡುವವರು ಕಡಿಮೆ.

ಮೊದಮೊದಲು ವೆಂಡರ್‌ಗಳು ಹಳೆ ಪೆಟ್ಟಿಗೆಯ ಸಾಫ್ಟ್‌ವೇರ್ ಅನ್ನು ಇದ್ದ ಹಾಗೇ, ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಕಂಪ್ಯೂಟರ್ ಆದ ವರ್ಚುವಲ್ ಮಷಿನ್‌ಗೆ ತುಂಬಿಕೊಟ್ಟರು. ಅದಕ್ಕೇ ಹೇಳಿದಷ್ಟು ಖರ್ಚು ಉಳಿಯಲಿಲ್ಲ. ಹಿಂದೆ ರಾತ್ರಿ ಏನಾದರೂ ಕೆಟ್ಟರೆ ಒಬ್ಬರಿಗೆ ಫೋನ್ ಮಾಡಿದರೆ ಸಾಕಿತ್ತು. ಈಗ ಸರ್ವರ್‌ನವರು, ವರ್ಚುವಲೈಸೇಷನ್‌ನವರು, ಸಾಫ್ಟ್‌ವೇರ್‌ನವರು, ಮೂವರನ್ನೂ ಕೂರಿಸಿ ಮಾತಾಡಬೇಕು. ಎಟಿ ಅಂಡ್ ಟಿ 2020ರ ಹೊತ್ತಿಗೆ ತನ್ನ ಜಾಲದ 75% ಭಾಗವನ್ನು ಸಾಫ್ಟ್‌ವೇರ್ ಹಿಡಿತಕ್ಕೆ ತರುತ್ತೇನೆ ಎಂದಿತ್ತು. 2021ರಲ್ಲಿ ಅದೇ ಕಂಪನಿ ತನ್ನ ನೆಟ್‌ವರ್ಕ್ ಕ್ಲೌಡ್ ತಂತ್ರಜ್ಞಾನವನ್ನು ಮೈಕ್ರೋಸಾಫ್ಟ್‌ಗೆ ವಹಿಸಿತು. ಜಪಾನಿನ ರಾಕುಟೆನ್ ಮೊಬೈಲ್‌ಗೆ ಹಳೆ ಪೆಟ್ಟಿಗೆಗಳ ಹೊರೆ ಇರಲಿಲ್ಲ. ಅದು ಏಪ್ರಿಲ್ 2020ರಲ್ಲಿ ಬಾಗಿಲು ತೆರೆದಾಗಲೇ ಪೂರ್ತಿ ವರ್ಚುವಲ್ ಜಾಲವಾಗಿತ್ತು.

ಹಾಗಾದರೆ ಸೇವೆ ಕೊಡುವ ಕಂಪನಿಗೆ ಯಾವುದು ಬೇಕು? ಹೊಸ ಸೇವೆಯನ್ನು ಬೇಗ ತರಬೇಕಾದರೆ ಎನ್‌ಎಫ್‌ವಿ. ಇರುವ ಲಿಂಕ್‌ಗಳನ್ನು ಚೆನ್ನಾಗಿ ದುಡಿಸಿಕೊಳ್ಳಬೇಕಾದರೆ ಎಸ್‌ಡಿಎನ್. ಆದರೆ ಫೈರ್‌ವಾಲ್ ಇವತ್ತು ಈ ಸರ್ವರ್‌ನಲ್ಲಿ, ನಾಳೆ ಆ ಸರ್ವರ್‌ನಲ್ಲಿ ಇದ್ದರೆ ದಾರಿಯನ್ನೂ ಅಷ್ಟೇ ಬೇಗ ಬದಲಿಸಬೇಕು. ಹಾಗಾಗಿ ಒಂದು ಕಾಲಿಟ್ಟ ಮನೆಗೆ ಇನ್ನೊಂದೂ ಬಂತು.

ಇವೆರಡೂ ಸೇರಿದ್ದನ್ನು ನೋಡಬೇಕಾದರೆ 5ಜಿ ಜಾಲದ ನಡುಭಾಗವಾದ ಕೋರ್ ನೋಡಿ. ಜಿಯೋ 2022ರಲ್ಲಿ 5ಜಿ ಸೇವೆ ಶುರು ಮಾಡಿದ್ದೇ 4ಜಿ ಕೋರ್‌ನ ಆಸರೆ ಬೇಡದ, ಇಂಥ ಸ್ವತಂತ್ರ 5ಜಿ ಕೋರ್ ಮೇಲೆ. ನಿಮ್ಮ ಫೋನಿನ ಡೇಟಾ ಈ ಕೋರ್‌ನಲ್ಲಿ ಯುಪಿಎಫ್ ಎಂಬ ಭಾಗವನ್ನು ಹಾದು ಹೋಗುತ್ತದೆ. ಅದನ್ನು ಮಾಮೂಲಿ ಸರ್ವರ್ ಮೇಲೆ ಓಡುವ ಸಾಫ್ಟ್‌ವೇರ್ ಆಗಿಯೇ ಮಾಡಬಹುದು. ಯಾವ ಪ್ಯಾಕೆಟ್ ಎಲ್ಲಿಗೆ ಎಂದು ಅದು ತಾನಾಗಿ ತೀರ್ಮಾನಿಸುವುದಿಲ್ಲ. ಎಸ್‌ಎಂಎಫ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇರೆ ಕಡೆ ಕೂತು ಅದಕ್ಕೆ ಪಟ್ಟಿ ಕಳಿಸುತ್ತದೆ: ಇಂಥ ಪ್ಯಾಕೆಟ್ ಬಂದರೆ ಇತ್ತ ಕಳಿಸು, ಇಂಥದ್ದು ಬಂದರೆ ಬಿಸಾಡು.