ಪುಕ್ಕಟೆ ನೆಲ, 160 ಎಕರೆಯ ಲೆಕ್ಕ

ಹನ್ನೆರಡು ಇಂಚಿನ ನೇಗಿಲು ಹಿಡಿದು ಒಂದು ಎಕರೆ ಉಳಬೇಕಾದರೆ ಎಂಟೂಕಾಲು ಮೈಲಿ ನಡೆಯಬೇಕು. ತಿರುವುಗಳ ಲೆಕ್ಕ ಬೇರೆ. 1880ರ ಸುಮಾರಿಗೆ ಅಮೆರಿಕದ ಡಕೋಟ ಪ್ರಾಂತ್ಯದ ಹುಲ್ಲುಬಯಲಿಗೆ ಎತ್ತು ಹೊಡೆದುಕೊಂಡು ಬಂದವರಿಗೆ ಅದು ಒಂದು ದಿನದ ಕೆಲಸ. ಎಂದೂ ಉಳದ ಹುಲ್ಲುನೆಲವನ್ನು ಮೊದಲ ಸಲ ಮಗುಚುವ ಹದವೋ ಮೇ ನಡುವಿನಿಂದ ಜೂನ್ ಕೊನೆಯ ತನಕ, ಬರೀ ಆರು ವಾರ. ಮನೆ, ಬಾವಿ, ದನದ ಮೇವು ಎಲ್ಲ ಅದೇ ಬೇಸಿಗೆಯಲ್ಲಿ ಆಗಬೇಕು. ಸರ್ಕಾರ ಪುಕ್ಕಟೆ ಕೊಡುತ್ತಿದ್ದ 160 ಎಕರೆ ಸಿಕ್ಕವನು ಮೊದಲ ವರ್ಷ ಹತ್ತಿಪ್ಪತ್ತು ಎಕರೆ ಮಗುಚಿದರೆ ಅದೇ ದೊಡ್ಡದು.

ಈ 160 ಬಂದದ್ದು ಸರ್ವೆ ಸರಪಳಿಯಿಂದ. 1785ರ ಕಾನೂನಿನಂತೆ ನೆಲವನ್ನು ಆರು ಮೈಲಿ ಚೌಕಗಳಾಗಿ, ಪ್ರತಿ ಚೌಕವನ್ನು 640 ಎಕರೆಯ 36 ತುಂಡುಗಳಾಗಿ ಗುರುತು ಹಾಕಿದರು. ಆ ತುಂಡಿನ ಕಾಲುಭಾಗವೇ 160. ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಅದನ್ನೇ ಎತ್ತಿಕೊಂಡಿತು: ಒಟ್ಟು 18 ಡಾಲರ್ ಶುಲ್ಕ, ಐದು ವರ್ಷ ವಾಸ ಮತ್ತು ಸಾಗುವಳಿ, ಕೊನೆಗೆ ಇಬ್ಬರ ಸಾಕ್ಷಿ, ಆಮೇಲೆ ಹಕ್ಕುಪತ್ರ. ಒಹಾಯೊ, ಇಲಿನಾಯ್‌ಯಂಥ ಮಳೆಯ ಸೀಮೆಯಲ್ಲಿ ಒಂದು ಸಂಸಾರಕ್ಕೆ ಅಷ್ಟು ಧಾರಾಳ. ಡಕೋಟದ ಪಶ್ಚಿಮ ಭಾಗದಲ್ಲಿ ವರ್ಷದ ಮಳೆ 20 ಇಂಚಿಗಿಂತ ಕಡಿಮೆ. ಕಾಯ್ದೆಗೆ ಅದು ಕಾಣಲಿಲ್ಲ.

ಇಲ್ಲಿ ಮಾಡುತ್ತಿದ್ದದ್ದು ಉಳುಮೆ ಅನ್ನುವುದಕ್ಕಿಂತ ನೆಲದ ಚರ್ಮ ಸುಲಿಯುವ ಕೆಲಸ. ಬೇರುಗಳು ಚಾಪೆಯಂತೆ ಹೆಣೆದುಕೊಂಡಿರುತ್ತವೆ. ನೇಗಿಲ ಮುಂದಿನ ಅಲಗು ಬದಿ ಸೀಳಿದರೆ, ಉಕ್ಕಿನ ಕುಳ ಎರಡೇ ಇಂಚು ಕೆಳಗಿಳಿದು ಪಟ್ಟಿಯನ್ನು ಹುಲ್ಲು ಕೆಳಗಾಗುವಂತೆ ಪೂರ್ತಿ ಮಗುಚಬೇಕು. ಹುಲ್ಲು ಜೋರಾಗಿ ಬೆಳೆಯುವಾಗ ಮಗುಚಿದರೆ ಕೊಳೆಯುತ್ತದೆ. ಜುಲೈಗೆ ಜಾರಿದರೆ ಒಣಗಿ ಇಟ್ಟಿಗೆಯಾಗುತ್ತದೆ. ಆಳ ಹೆಚ್ಚಾದರೂ ಕೊಳೆಯದು. ಆಗಸ್ಟ್ ಕಳೆಯುವ ಹೊತ್ತಿಗೆ ಅದೇ ಸಾಲಿನಲ್ಲಿ ಇನ್ನಷ್ಟು ಆಳಕ್ಕೆ ಉತ್ತು, ಕೊಳೆತ ಪಟ್ಟಿಯನ್ನು ಮೇಲೆ ತಂದು ಮಣ್ಣು ಪುಡಿ ಮಾಡಬೇಕು. ಗೋಧಿ ಬಿತ್ತನೆ ಮುಂದಿನ ವಸಂತಕ್ಕೆ. ಬಂದ ವರ್ಷವೇ ನಾಲ್ಕು ಕಾಸು ಬೇಕಾದವರು ಮಗುಚಿದ ಹೆಂಟೆಯ ಮೇಲೇ ಅಗಸೆ ಚೆಲ್ಲುತ್ತಿದ್ದರು, ಇಲ್ಲವೇ ಕೊಡಲಿಯಿಂದ ಸೀಳಿ ಮೆಕ್ಕೆಜೋಳ ಊರುತ್ತಿದ್ದರು.

ಮರವಿಲ್ಲದ ಕಡೆ ಮನೆಯೂ ಆ ಹೆಂಟೆಯದೇ. ಮನೆಗೆ ಮೂರು ನಾಲ್ಕು ಇಂಚು ದಪ್ಪದ ಪಟ್ಟಿ ಬೇಕು. ಅದನ್ನು ಗುದ್ದಲಿಯಿಂದ ಮೂರು ಅಡಿಗೆ ಕತ್ತರಿಸಿ, ಹುಲ್ಲು ಕೆಳಮುಖ ಮಾಡಿ ಜೋಡಿಸುವುದು. ಗೋಡೆ ಎರಡು ಪಟ್ಟಿ ಅಗಲ, ಮೂರು ನಾಲ್ಕು ವರಸೆಗೊಮ್ಮೆ ಅಡ್ಡ ಪಟ್ಟಿ. ಅಂದು ಕಟ್ಟುವಷ್ಟೇ ಅಂದು ಕೀಳಬೇಕು, ಒಣಗಿದರೆ ಪುಡಿಯಾಗುತ್ತದೆ. ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಟ್ಟು ಚಿಂದಿ ತುರುಕುತ್ತಿದ್ದರು. ಗೋಡೆ ಕುಸಿದು ಕೂರುವಾಗ ಆ ಸಂದು ಇಲ್ಲದಿದ್ದರೆ ಗಾಜು ಒಡೆಯುತ್ತಿತ್ತು. ಮಣ್ಣಿನ ಮಾಡು ಮಾತ್ರ ಯಾರ ಕೈಗೂ ಪೂರ್ತಿ ಬಗ್ಗಲಿಲ್ಲ: ಹೊರಗೆ ಮಳೆ ನಿಂತ ಮೇಲೂ ಒಳಗೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಸೌದೆಯ ಬದಲು ಒಣಹುಲ್ಲನ್ನು ಹುರಿಮಾಡಿ ಉರಿಸುತ್ತಿದ್ದರು. ಚಳಿಗಾಲದಲ್ಲಿ ಮನೆಯ ಒಬ್ಬರ ಕೈಗೆ ಅದೇ ಉದ್ಯೋಗ.

ಇಷ್ಟಾದರೂ ಜನ ನುಗ್ಗಿದರು. ಆ ಸೀಮೆಯ ಗಟ್ಟಿ ಗೋಧಿಯ ತೌಡು ಬೀಸುಕಲ್ಲಿನಡಿ ಪುಡಿಯಾಗಿ ಹಿಟ್ಟು ಕಪ್ಪಾಗುತ್ತಿತ್ತು. 1870ರ ದಶಕದಲ್ಲಿ ಮಿನ್ನಿಯಾಪೊಲಿಸ್ ಗಿರಣಿಗಳು ತೌಡು ಬೇರ್ಪಡಿಸುವ ಯಂತ್ರವನ್ನೂ ರೋಲರುಗಳನ್ನೂ ಹಾಕಿದ ಮೇಲೆ ಅದೇ ಗೋಧಿಗೆ ಬೆಲೆ ಬಂತು. ರೈಲು ಬಂತು. ಮಳೆಯೂ ಕೆಲ ವರ್ಷ ಚೆನ್ನಾಗಿ ಆಯಿತು. 'ನೇಗಿಲ ಹಿಂದೆಯೇ ಮಳೆ' ಎಂದು ಜಮೀನು ದಲ್ಲಾಳಿಗಳು ಸಾರಿದರು. ನೆಲ ಯಾರದೂ ಅಲ್ಲದ್ದೇನೂ ಆಗಿರಲಿಲ್ಲ. 1868ರ ಒಪ್ಪಂದದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನರಿಗೆಂದು ಬಿಟ್ಟ ಸೀಮೆಯನ್ನು 1889ರಲ್ಲಿ ತುಂಡರಿಸಿ, ಸುಮಾರು 90 ಲಕ್ಷ ಎಕರೆ ಕಿತ್ತುಕೊಂಡರು.

160 ಸಾಲದು ಎಂದು ಸರ್ಕಾರದ ಸರ್ವೆಗಾರ ಜಾನ್ ವೆಸ್ಲಿ ಪವೆಲ್ 1878ರಲ್ಲೇ ಬರೆದುಕೊಟ್ಟಿದ್ದ. ಒಣ ಸೀಮೆಯಲ್ಲಿ ದನ ಸಾಕುವ ಸಂಸಾರಕ್ಕೆ ಆತ ಹೇಳಿದ್ದು 2560 ಎಕರೆ. ಸಂಸತ್ತು 320ಕ್ಕೆ ಏರಿಸಿದ್ದು 1909ರಲ್ಲಿ, ಮೇವಿನ ನೆಲಕ್ಕೆ 640 ಕೊಟ್ಟದ್ದು 1916ರಲ್ಲಿ. ಮರುವರ್ಷವೇ ಡಕೋಟದ ಪಶ್ಚಿಮಕ್ಕಿರುವ ಮೊಂಟಾನದ ಬಯಲಿಗೆ ಬರ ಹಿಡಿಯಿತು. ಉಳಿದುಕೊಂಡವರಲ್ಲಿ ಬಹಳ ಮಂದಿ, ಬಿಟ್ಟುಹೋದ ನೆರೆಯವರ ಜಮೀನನ್ನು ಸೇರಿಸಿಕೊಂಡವರು.