ಜಾವಾದಲ್ಲಿ ಗೇರ್ ಪೆಡಲ್ಲೇ ಕಿಕ್ಕರ್

ಹಳೇ ಜಾವಾ 250 ಬೈಕಿನ ಪಕ್ಕ ನಿಂತು ಕಿಕ್ಕರ್ ಹುಡುಕಿ ನೋಡಿ, ಸಿಗುವುದಿಲ್ಲ. ಎಡಗಡೆ ಒಂದು ಗೇರ್ ಪೆಡಲ್ ಇರುತ್ತದೆ, ಅಷ್ಟೇ. ಅದನ್ನು ಒಳಕ್ಕೆ ಒತ್ತಿ, ಮೇಲೆತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಿರುಗಿಸಿದರೆ ಮತ್ತೆ ಗೇರ್.

ಚೆಕೊಸ್ಲೊವಾಕಿಯಾದ ಈ ಗಾಡಿ 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು. ಮುಂದೆ ಯೆಜ್ಡಿ ಅಂತ ಹೆಸರಾಯಿತು. ಇದರ ಒಳಗೆ ಕಣ್ಣಾಡಿಸಿದರೆ ಎಲ್ಲೆಲ್ಲೂ ಇದೇ ಜಾಣತನ. ಒಂದು ಭಾಗ ಹಾಕಿ ಎರಡು ಕೆಲಸ ತೆಗೆದಿದ್ದಾರೆ.

ಗೇರ್ ಪೆಡಲ್ಲನ್ನೇ ತಗೊಳ್ಳಿ. ಅದಕ್ಕೆ ಮೂರನೇ ಕೆಲಸವೂ ಇದೆ. ಕಾಲಿನಿಂದ ಅದನ್ನು ಒತ್ತಿದ ಕೂಡಲೇ ಒಳಗೆ ಕ್ಲಚ್ ತಾನೇ ಬಿಡುತ್ತದೆ. ಓಡುತ್ತಿರುವಾಗ ಗೇರ್ ಬದಲಿಸಲು ಕೈಯಲ್ಲಿ ಕ್ಲಚ್ ಹಿಡಿಯಲೇಬೇಕು ಅಂತಿಲ್ಲ. ನಿಂತ ಗಾಡಿ ಹೊರಡಿಸಲು ಮಾತ್ರ ಕೈ ಬೇಕು.

ಇಂಜಿನ್ನಿನದೂ ಇದೇ ಕತೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡಲು, ಹೊಗೆ ಹೊರಗೆ ಕಳಿಸಲು ವಾಲ್ವ್‌ಗಳಿರುತ್ತವೆ. ಇದು ಟೂ ಸ್ಟ್ರೋಕ್, ಇಲ್ಲಿ ವಾಲ್ವೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ತೂತುಗಳಿವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ಮುಚ್ಚಿ ತೆಗೆಯುತ್ತದೆ. ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೇಸಿನೊಳಗೆ (ಇಂಜಿನ್ನಿನ ತಳದ ಮುಚ್ಚಿದ ಪೆಟ್ಟಿಗೆ) ಗಾಳಿ-ಪೆಟ್ರೋಲ್ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಸಿಲಿಂಡರಿಗೆ ತಳ್ಳುತ್ತದೆ. ಅಂದರೆ ಕ್ರ್ಯಾಂಕ್ ಕೇಸೇ ಪಂಪು. ಹೀಗಾಗಿ ಇಂಜಿನ್ನಿನ ಒಂದೊಂದು ಸುತ್ತಿಗೂ ಒಂದು ಸ್ಫೋಟ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50!

ಆದರೆ ನಿಂತಲ್ಲೇ ಉರಿಯುವಾಗ ಆ ತಾಳ ತಪ್ಪುತ್ತದೆ. ಡುಗ್... ಡುಗ್‌ಡುಗ್... ಡುಗ್. ಕೇಳಿದ್ದೀರಿ ಅಲ್ವಾ? ಆಕ್ಸಿಲರೇಟರ್ ಬಿಟ್ಟಾಗ ಹೊಸ ಮಿಶ್ರಣ ಬರುವುದು ಸ್ವಲ್ಪವೇ. ಸಿಲಿಂಡರಿನಲ್ಲಿ ಹಳೇ ಹೊಗೆಯೇ ಜಾಸ್ತಿ ಉಳಿದಿರುತ್ತದೆ. ಕಿಡಿ ಬಿದ್ದರೂ ಹತ್ತುವುದಿಲ್ಲ. ಇನ್ನೊಂದು ಸುತ್ತು ತಿರುಗಿ ಇನ್ನಷ್ಟು ಮಿಶ್ರಣ ಸೇರಿದ ಮೇಲೆ ಡುಗ್ ಅನ್ನುತ್ತದೆ. ನನಗೆ ಇಂದಿಗೂ ಪ್ರಾಣವಾದ ಸದ್ದು ಅದು.

ಇಷ್ಟೆಲ್ಲ ಉಳಿಸಿದವರು ಸೈಲೆನ್ಸರ್ ಮಾತ್ರ ಧಾರಾಳವಾಗಿ ಕೊಟ್ಟಿದ್ದಾರೆ. ಸಿಲಿಂಡರ್ ಒಂದೇ, ಅದರಿಂದ ಹೊಗೆ ಹೋಗಲು ದಾರಿ ಎರಡು, ಸೈಲೆನ್ಸರೂ ಎರಡು.

ಇನ್ನು ಪೆಟ್ರೋಲು. ಅದಕ್ಕೂ ಎರಡು ಕೆಲಸ. ಕ್ರ್ಯಾಂಕ್ ಕೇಸ್ ಪಂಪಾಗಿರುವುದರಿಂದ ಅಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಅದಕ್ಕೇ ಲೀಟರ್ ಪೆಟ್ರೋಲಿಗೆ 40 ಮಿಲಿಯಷ್ಟು ಆಯಿಲ್ ಬೆರೆಸುವುದು. ಉರಿಯಲು ಹೋಗುವ ಪೆಟ್ರೋಲೇ ದಾರಿಯಲ್ಲಿ ಬೇರಿಂಗು, ಪಿಸ್ಟನ್ನುಗಳಿಗೆ ಎಣ್ಣೆ ಸವರಿ ಹೋಗುತ್ತದೆ. ನೀಲಿ ಹೊಗೆ ಬರುವುದು ಅದರಿಂದಲೇ.

ಇಲ್ಲೊಂದು ಅಪಾಯವೂ ಇದೆ. ಮಡಿಕೇರಿ ಘಾಟಿ ಇಳಿಯುವಾಗ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಿದೆ. ಆದರೆ ಪೆಟ್ರೋಲ್ ಬರುವುದು ತೀರಾ ಸ್ವಲ್ಪ, ಅದರ ಜೊತೆಗೆ ಆಯಿಲ್ಲೂ ಅಷ್ಟೇ. ಹೀಗೇ ಮೈಲುಗಟ್ಟಲೆ ಇಳಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಇಂಜಿನ್ ಸೀಜ್ ಆಗಬಹುದು. ನಮ್ಮಪ್ಪ ಗಾಡಿ ಕೊಡುವಾಗ ಪ್ರತಿ ಸಲವೂ ಹೇಳುತ್ತಿದ್ದರು: “ಇಳಿಜಾರಲ್ಲಿ ಸುಮ್ನೆ ಬಿಡ್ಬೇಡ ಮಗಾ. ಆಗಾಗ ಕ್ಲಚ್ ಹಿಡಿದು ಒಂಚೂರು ರೇಸ್ ಕೊಡು, ಅದಕ್ಕೂ ಎಣ್ಣೆ ಬೇಕು.”