ಯಂತ್ರಕ್ಕೆ ಅಂಟಿಕೊಂಡ ಬೀಗ

1983ರ ಜನವರಿಯಲ್ಲಿ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಮಾರಾಟಕ್ಕೆ ಬಂತು. ಜೊನಾಥನ್ ಸ್ಯಾಕ್ಸ್ ಅದನ್ನು ಐಬಿಎಂ ಪಿಸಿಗೆಂದೇ ಅಸೆಂಬ್ಲಿ ಭಾಷೆಯಲ್ಲಿ, ಅಂದರೆ ಅದರ ಪ್ರೊಸೆಸರಿನ ಸ್ವಂತ ಸೂಚನೆಗಳಲ್ಲೇ, ಬರೆದಿದ್ದರು. ಪರದೆಯ ಮೇಲೆ ಒಂದು ಅಂಕಿ ಮೂಡಿಸಬೇಕೆಂದರೆ ಅದು ಆಪರೇಟಿಂಗ್ ಸಿಸ್ಟಮ್ಮಿನ ನೆರವಿಗೆ ಕಾಯುತ್ತಿರಲಿಲ್ಲ. ಪರದೆಯಲ್ಲಿ ಕಾಣುವುದನ್ನು ಇಟ್ಟುಕೊಳ್ಳುವ ವಿಡಿಯೊ ಮೆಮೊರಿಗೇ ನೇರವಾಗಿ ಬರೆದುಬಿಡುತ್ತಿತ್ತು. ಎದುರಾಳಿಯಾಗಿದ್ದ ಕಾಂಟೆಕ್ಸ್ಟ್ ಎಂಬಿಎ ಪ್ಯಾಸ್ಕಲ್ ಎಂಬ ಭಾಷೆಯಲ್ಲಿತ್ತು. ಹಲವು ಬಗೆಯ ಯಂತ್ರಗಳಿಗೆ ಹೊಂದಿಕೊಳ್ಳಬಲ್ಲದು, ಆದರೆ ನಿಧಾನ. ಜನ ಲೋಟಸ್ಸನ್ನೇ ಕೊಂಡರು.

ಆ ವೇಗಕ್ಕೆ ತೆರಬೇಕಾದ ಬೆಲೆಯೂ ಇತ್ತು. ಐಬಿಎಂ ಪಿಸಿಯ ಹಾಗೆಯೇ ಎಂಎಸ್-ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡುವ, ಆದರೆ ವಿಡಿಯೊ ಮೆಮೊರಿ ಬೇರೆ ಕಡೆ ಇರುವ ಕಂಪ್ಯೂಟರುಗಳಲ್ಲಿ ಪಿಸಿಗೆ ಬರೆದ ಲೋಟಸ್ ಓಡುತ್ತಿರಲಿಲ್ಲ. ಹಾಗಾಗಿ ಒಂದು ಕಂಪ್ಯೂಟರ್ ನಿಜಕ್ಕೂ 'ಐಬಿಎಂ ಕಂಪ್ಯಾಟಿಬಲ್' (ಐಬಿಎಂ ಪಿಸಿಗೆ ಸರಿಹೊಂದುವಂಥದ್ದು) ಹೌದೋ ಅಲ್ಲವೋ ಎಂದು ನೋಡಲು ಇದೇ ಲೋಟಸ್ಸನ್ನು ಓಡಿಸಿ ನೋಡುವ ರೂಢಿ ಬಂತು. ಮುಂದೆ ಕಂಪನಿಯೇ ಅದನ್ನು, ಬೇರೆ ಯಂತ್ರಗಳಿಗೂ ಒಯ್ಯಬಹುದಾದ ಸಿ ಭಾಷೆಯಲ್ಲಿ ಹೊಸದಾಗಿ ಬರೆಸಬೇಕಾಯಿತು. ಆ ಮೂರನೇ ಆವೃತ್ತಿ ತುಂಬಾ ತಡವಾಗಿ, 1989ರಲ್ಲಿ ಹೊರಬಂತು. ಇನ್ನೊಂದು ಸಂಗತಿ: ಮೊದಲ ಆವೃತ್ತಿಗಳಿಗೆ ಕಾಪಿ ಪ್ರೊಟೆಕ್ಷನ್, ಅಂದರೆ ನಕಲು ತಡೆಯುವ ಬೀಗ, ಇತ್ತು. ಕೊಂಡಾಗ ಬಂದ ಮೂಲ ಫ್ಲಾಪಿ ಡಿಸ್ಕ್ ಡ್ರೈವ್‌ನಲ್ಲಿ ಇಲ್ಲದಿದ್ದರೆ ಪ್ರೋಗ್ರಾಂ ಶುರುವೇ ಆಗುತ್ತಿರಲಿಲ್ಲ.

ಪ್ರೋಗ್ರಾಮರುಗಳು ಇವತ್ತಿಗೂ ವಾದ ಮಾಡುವ ಮೂರು ವಿಷಯಗಳು ಈ ಒಂದೇ ಸಾಫ್ಟ್‌ವೇರ್‌ನಲ್ಲಿವೆ. ಯಂತ್ರದ ಮಟ್ಟಕ್ಕೆ ಇಳಿದು ಬರೆಯಬೇಕೇ? ಬೇರೆ ಯಂತ್ರಕ್ಕೆ ಒಯ್ಯಲು ಆಗುವಂತೆ ಬರೆಯಬೇಕೇ? ನಕಲು ಆಗದಂತೆ ಬೀಗ ಹಾಕಬೇಕೇ? ಇವನ್ನು ಬೇರೆ ಬೇರೆ ಜಗಳಗಳೆಂದು ನೋಡುವುದು ವಾಡಿಕೆ. ನನಗೆ ಮಾತ್ರ ಮೂರೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ: ನಮ್ಮ ಪ್ರೋಗ್ರಾಂ ಒಂದು ಯಂತ್ರವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದೆ?

ಮೊದಲೆರಡು ಪ್ರಶ್ನೆಗಳಿಗೆ ಒಂದು ಮಟ್ಟಿಗೆ ಉತ್ತರ ಸಿಕ್ಕಿದೆ. 1969ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಶುರುವಾದದ್ದು ಪಿಡಿಪಿ-7 ಯಂತ್ರದ ಅಸೆಂಬ್ಲಿಯಲ್ಲಿ. 1973ರಲ್ಲಿ ಅದನ್ನು ಸಿ ಭಾಷೆಗೆ ತಂದರು. ಕೆಲವೇ ವರ್ಷಗಳಲ್ಲಿ ಅದು ಇಂಟರ್‌ಡೇಟಾ ಎಂಬ ಪೂರ್ತಿ ಬೇರೆ ಜಾತಿಯ ಕಂಪ್ಯೂಟರಿನ ಮೇಲೂ ಓಡಿತು. ಹಾಗಂತ ಅಸೆಂಬ್ಲಿ ಸತ್ತಿಲ್ಲ. ಎವಿ1 ಎಂಬ ವಿಧಾನದಲ್ಲಿ ಕುಗ್ಗಿಸಿಟ್ಟ ವಿಡಿಯೊ ಬಿಡಿಸಿ ತೋರಿಸುವ ಡೇವಿಡ್ (dav1d) ಎಂಬ ಪ್ರೋಗ್ರಾಂನಲ್ಲಿ ಇವತ್ತಿಗೂ ಕೈಯಿಂದ ಬರೆದ ಅಸೆಂಬ್ಲಿ ರಾಶಿ ರಾಶಿ ಇದೆ. ಆದರೆ ಅದೇ ಕೆಲಸ ಮಾಡುವ ಸಿ ಕೋಡ್ ಕೂಡ ಪಕ್ಕದಲ್ಲೇ ಇದೆ. ಪ್ರೊಸೆಸರ್ ಹೊಸದಾದರೆ ಸಿ ಓಡುತ್ತದೆ, ನಿಧಾನ ಅಷ್ಟೇ. ಇದು ನನಗೆ ತುಂಬಾ ಇಷ್ಟವಾದ ಏರ್ಪಾಡು.

ಬೀಗದ ಕಥೆ ಹಾಗಲ್ಲ. ಅದು ಕೆಲಸ ಮಾಡುವುದೇ ಯಂತ್ರದ ವಿಚಿತ್ರ ಗುಣಗಳನ್ನು ನಂಬಿಕೊಂಡು. ಉದಾಹರಣೆಗೆ, ಫ್ಲಾಪಿಯ ಒಂದು ಜಾಗದಲ್ಲಿ ಬೇಕೆಂದೇ ಅಸ್ಪಷ್ಟವಾಗಿ ಬರೆದಿರುತ್ತಿದ್ದರು. ಅಲ್ಲಿ ಪ್ರತಿ ಸಲ ಓದಿದಾಗಲೂ ಬೇರೆ ಬೇರೆ ಬಿಟ್ ಸಿಗುತ್ತದೆ. ಸಾಮಾನ್ಯ ಡ್ರೈವ್‌ನಲ್ಲಿ ನಕಲು ತೆಗೆದರೆ ಅಲ್ಲಿ ಯಾವುದೋ ಒಂದು ಬಿಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಎರಡು ಸಲ ಓದಿದರೂ ಒಂದೇ ಉತ್ತರ ಬಂತೋ, ಅದು ನಕಲಿ.

ಇನ್ನೊಂದು ಉಪಾಯ ಇದಕ್ಕಿಂತ ಚೆಂದ. ಇಂಟೆಲ್ 8088 ಪ್ರೊಸೆಸರ್ ಮುಂದಿನ 4 ಬೈಟ್ ಸೂಚನೆಗಳನ್ನು ಮೊದಲೇ ತಂದು ಒಳಗೆ ಇಟ್ಟುಕೊಳ್ಳುತ್ತದೆ. 8086ರಲ್ಲಿ ಇದು 6 ಬೈಟ್. ಈಗ ಪ್ರೋಗ್ರಾಂ ತನ್ನ ಮುಂದಿನ ಸೂಚನೆಯನ್ನು ತಾನೇ ಮೆಮೊರಿಯಲ್ಲಿ ಬದಲಿಸುತ್ತದೆ ಅನ್ನಿ. ಹಳೆಯ ಸೂಚನೆ ಆಗಲೇ ಪ್ರೊಸೆಸರ್ ಒಳಗಿದೆ, ಆದ್ದರಿಂದ ಅದೇ ನಡೆಯುತ್ತದೆ. ಆದರೆ ಯಾರೋ ಡೀಬಗ್ಗರ್ (ಪ್ರೋಗ್ರಾಂ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ಸಲಕರಣೆ) ಹಾಕಿ ಒಂದೊಂದೇ ಹೆಜ್ಜೆ ಓಡಿಸುತ್ತಿದ್ದರೆ, ಪ್ರತಿ ಹೆಜ್ಜೆಗೂ ಸೂಚನೆಗಳನ್ನು ಮತ್ತೆ ಮೆಮೊರಿಯಿಂದ ತರಬೇಕು. ಆಗ ಹೊಸ ಸೂಚನೆ ನಡೆಯುತ್ತದೆ. ಬೀಗ ಒಡೆಯಲು ಯಾರೋ ಒಳಗೆ ಇಣುಕುತ್ತಿದ್ದಾರೆ ಎಂದು ಪ್ರೋಗ್ರಾಂಗೆ ಗೊತ್ತಾಗಿಬಿಡುತ್ತದೆ!

ಜಾಣತನಕ್ಕೆ ಮೆಚ್ಚಲೇಬೇಕು. ಆದರೆ 1993ರಲ್ಲಿ ಪೆಂಟಿಯಂ ಬಂತು. ಪ್ರೋಗ್ರಾಂ ತನ್ನ ಕೋಡನ್ನು ತಾನೇ ತಿದ್ದಿದರೆ ಪೆಂಟಿಯಂ ಅದನ್ನು ಗಮನಿಸುತ್ತದೆ, ಒಳಗಿದ್ದ ಹಳೆಯದನ್ನು ಎಸೆದು ಹೊಸದನ್ನು ತರುತ್ತದೆ. ಅಂದರೆ ಡೀಬಗ್ಗರ್ ಇಲ್ಲದಿದ್ದರೂ ಇದೆ ಎಂದೇ ಆ ಬೀಗಕ್ಕೆ ಅನಿಸುತ್ತದೆ. ದುಡ್ಡು ಕೊಟ್ಟು ಕೊಂಡವರು ಹೊಸ ಕಂಪ್ಯೂಟರ್ ತಂದ ತಪ್ಪಿಗೆ ಕಳ್ಳರ ಸಾಲಿಗೆ ಸೇರುತ್ತಾರೆ.

ನಿಜವಾದ ಕಳ್ಳರಿಗೆ ಇಷ್ಟು ತೊಂದರೆ ಇರಲಿಲ್ಲ. ಎಷ್ಟೇ ಕಷ್ಟದ ಪರೀಕ್ಷೆ ಇಟ್ಟರೂ ಕೊನೆಗೆ ಎಲ್ಲೋ ಒಂದು ಕಡೆ 'ಪಾಸಾದರೆ ಮುಂದೆ ಹೋಗು' ಎಂಬ ಸೂಚನೆ ಇರಲೇಬೇಕು. ಎಕ್ಸ್86 ಪ್ರೊಸೆಸರುಗಳಲ್ಲಿ 'ಸಮ ಇದ್ದರೆ ಜಿಗಿ' ಎನ್ನುವುದಕ್ಕೆ ಹೆಕ್ಸ್ ಲೆಕ್ಕದಲ್ಲಿ (ಹದಿನಾರರ ಆಧಾರದ, ಅಕ್ಷರಗಳೂ ಅಂಕಿಗಳಾಗುವ ಎಣಿಕೆ) 74 ಎಂಬ ಬೈಟ್. 'ಏನೇ ಇದ್ದರೂ ಜಿಗಿ' ಎನ್ನುವುದಕ್ಕೆ ಇಬಿ. ಸರಿಯಾದ ಜಾಗ ಸಿಕ್ಕರೆ ಅದೊಂದು ಬೈಟ್ ಬದಲಿಸಿದರೆ ಸಾಕು. ಜಾಗ ಹುಡುಕಲು ವಾರಗಟ್ಟಲೆ ಆಗಬಹುದು, ನಿಜ. ಆದರೆ ಒಬ್ಬರು ಹುಡುಕಿದರೆ ಉಳಿದವರೆಲ್ಲ ಸುಮ್ನೆ ನಕಲು ಮಾಡಿಕೊಳ್ಳಬಹುದು, ಅಲ್ವಾ?

ಇದೇ ಕಥೆ ಸಿಡಿ ಕಾಲದಲ್ಲೂ ನಡೆಯಿತು. ಸೇಫ್‌ಡಿಸ್ಕ್ ಎಂಬ ಬೀಗ ವಿಂಡೋಸ್ ಒಳಗೆ ಆಳದಲ್ಲಿ ಕೂರುವ, ಡ್ರೈವರ್ ಎನ್ನುವ ಒಂದು ಸಣ್ಣ ಪ್ರೋಗ್ರಾಂ ಅನ್ನು ನಂಬಿತ್ತು. 2015ರ ವಿಂಡೋಸ್ 10ರಲ್ಲಿ ಭದ್ರತೆಯ ಕಾರಣಕ್ಕೆ ಆ ಡ್ರೈವರಿಗೆ ಜಾಗ ಸಿಗಲಿಲ್ಲ. ಆ ಬೀಗವಿದ್ದ ಅಸಲಿ ಸಿಡಿಯ ಆಟಗಳು ಒಮ್ಮೆಗೇ ನಿಂತುಹೋದವು. ಬೀಗ ಒಡೆದ ಪ್ರತಿಗಳಿಗೆ ಆ ತೊಂದರೆಯೇ ಇರಲಿಲ್ಲ. ಅಮೆರಿಕದಲ್ಲಿ ಇಂಥ ಬೀಗ ಒಡೆಯುವುದು 1998ರ ಕಾನೂನಿನ ಪ್ರಕಾರ ತಪ್ಪು. ಆದರೂ 2003ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್, ಬಳಕೆ ತಪ್ಪಿದ ಮಾಧ್ಯಮದಲ್ಲಿದ್ದು ಮೂಲ ಡಿಸ್ಕನ್ನೇ ಕೇಳುವ ಪ್ರೋಗ್ರಾಂಗಳಿಗೆ ವಿನಾಯಿತಿ ಕೊಟ್ಟಿತು. ಆ ತೀರ್ಮಾನ ಸರಿಯಾದದ್ದೇ.

ಬರೆದವರ ದುಡಿಮೆಗೆ ಹಣ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಬೀಗ ಬೇಕೇ ಬೇಕು ಎನ್ನುವವರು ಡೇವಿಡ್ ಪ್ರೋಗ್ರಾಂ ಬರೆದವರು ಮಾಡಿದ್ದನ್ನೇ ಮಾಡಲಿ: ಯಂತ್ರಕ್ಕೆ ಅಂಟಿದ ಭಾಗವನ್ನು ಪ್ರತ್ಯೇಕವಾಗಿ ಇಡಲಿ. ಉಳಿದ ಕೋಡಿನ ತುಂಬಾ ಅದನ್ನು ಹೆಣೆಯದಿದ್ದರೆ, ಮಾರಾಟ ನಿಂತ ಮೇಲೆ ಆ ಒಂದು ಫೈಲ್ ಬಿಟ್ಟು ಮತ್ತೆ ಕಂಪೈಲ್ ಮಾಡಿ (ಯಂತ್ರದ ಸೂಚನೆಗಳಾಗಿ ತಿರುಗಿಸಿ) ಹಂಚಬಹುದು. ಹೀಗೆ ಬೇರೆಯಾಗಿಟ್ಟ ಬೀಗವನ್ನು ಒಡೆಯುವುದು ಸುಲಭ ಎಂದು ಕಂಪನಿಗಳು ಹೇಳುತ್ತವೆ. ಹೌದು, ಸುಲಭ. ಆದರೆ ಹೆಣೆದಿದ್ದ ಬೀಗಗಳನ್ನೂ ಒಡೆದೇ ಒಡೆದರಲ್ಲ.